ಪೂಜೆಯ ಗಡಿಬಿಡಿಯಲ್ಲಿ ಕಿತ್ತ ಡಿಸ್ಕು

ಆಗ ನನಗೆ ಐವತ್ತೆಂಟು. ಇಪ್ಪತ್ತು ವರ್ಷದ ಹಿಂದಿನ ಮಾತು. ದಸರೆಗೆಂದು ಮೂಡಲಗಿಯ ಮಗಳ ಮನೆಯಲ್ಲಿದ್ದೆ. ಅಲ್ಲಿ ಫೋಟೋ ಅಂಗಡಿ ಇಟ್ಟಿದ್ದ ಅಳಿಯ ಬೇರೆಯವನಲ್ಲ, ನನ್ನ ಅಣ್ಣನ ಮಗನೇ. ಅವನನ್ನು ಬೈಯಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಅವನ ಕಂಪ್ಯೂಟರಿನಲ್ಲಿ ಎಲ್ಲರ ವಿಂಡೋಸ್ ಬದಲು ಲಿನಕ್ಸ್ ಇತ್ತು. ಊರಲ್ಲಿ ಮತ್ತಾರ ಹತ್ತಿರವೂ ಇಲ್ಲವೆಂದು ಅದೊಂದು ಸೊಕ್ಕು. ಹುಕ್ಕೇರಿಯಲ್ಲಿರುವ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಹಾಡಿದ ಅರಿಷಿಣ ಹಚ್ಚುವ ಹಾಡುಗಳನ್ನು ಅದರಲ್ಲಿ ತುಂಬಿಟ್ಟಿದ್ದ. ಆಮೇಲೆ ಗಂಟಲ ಆಪರೇಶನ್ ಆಗಿ ಅವಳ ದನಿ ಹೋಯಿತು. ಮೊಮ್ಮಗಳ ಮದುವೆಗೆ ಆ ಹಾಡುಗಳನ್ನೇ ಹಚ್ಚಬೇಕೆಂದು ಕಾದಿದ್ದಳು.

ಕಂಪ್ಯೂಟರ್ ಮಂದಿಯ ಫೋಟೋಗಳಿಂದ ತುಂಬಿ ನಿಂತಿತ್ತು. ಅಳಿಯ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನವೇ ಗೋಕಾಕದಿಂದ ಹೊರಗೆ ಹಚ್ಚುವ ಡಿಸ್ಕ್ ತಂದ. ಹಚ್ಚಿದರೆ ಕಾಣಲೇ ಇಲ್ಲ. ಕರಿ ಪರದೆಯ ಮೇಲೆ ಏನೇನೋ ಬಡಿದ. ಮಧ್ಯಾಹ್ನ ಕಂಡಿತು. ಗುಡ್ಡ ಕಡಿದವರ ಹಾಗೆ ಮೀಸೆ ತೀಡಿದ.

"ನೋಡ್ರಿ ಅತ್ತಿ, ಹಾಡು ಎಲ್ಲಾ ಈ ಕಡೆ ಬಂದುವು."

ಅಷ್ಟರಲ್ಲಿ ಮಗಳು ಪೂಜೆಗೆ ಹೊತ್ತಾಯಿತೆಂದು ಕೂಗಿದಳು. ಕ್ಯಾಮರಾ, ಕತ್ತರಿಗಳ ಸಾಲಿನಲ್ಲಿ ಹೊಸ ಡಿಸ್ಕನ್ನೂ ಇಡಬೇಕಲ್ಲ. ಕಂಪ್ಯೂಟರಿನಲ್ಲಿ ಜಾಗ ಆಗಲೆಂದು ಅದರೊಳಗಿನ ಹಾಡುಗಳನ್ನು ಅಳಿಸಿ, ಡಿಸ್ಕಿನ ವೈರು ಹಿಡಿದು ಜಗ್ಗಿದ.

"ಡಿಸ್ಕಿನ ದೀಪ ಇನ್ನಾ ಮಿಣಕಾಕತ್ತಿತ್ತಲ್ಲೊ?" ಅಂದೆ.

"ಅದು ಹಂಗ ಇರತೈತ್ರಿ. ನಿಮಗ ತಿಳ್ಯಾಂಗಿಲ್ಲ."

ಡಿಸ್ಕಿಗೆ ವಿಭೂತಿ, ಕುಂಕುಮ ಹಚ್ಚಿ, ಹೂ ಏರಿಸಿ, ಊದಿನಕಡ್ಡಿ ಬೆಳಗಿದ. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲ. ಯಾರೂ ಮುಟ್ಟಲಿಲ್ಲ.

ಮರುದಿನ ನೆಗೆಣ್ಣಿ ಬನ್ನಿ ಕೊಡಲು, ಹಾಡು ಕೇಳಲು ಬಂದಳು. ಡಿಸ್ಕ್ ಹಚ್ಚಿದರೆ ಹಾಡಿನ ಹೆಸರುಗಳಿದ್ದವು, ಹಾಡಿರಲಿಲ್ಲ. ಅಳಿಯ ಬೆವರಿದ. ಕೀಳುವ ಮೊದಲು ಲಿನಕ್ಸ್‌ಗೆ ಹೇಳಿ ಡಿಸ್ಕ್ ಬಿಡಿಸಿಕೊಳ್ಳಬೇಕಂತೆ. ಆಗಲೇ ಅದು ಉಳಿದದ್ದನ್ನು ಪೂರಾ ಬರೆದು ಮುಗಿಸುವುದಂತೆ.

"ಇದು ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ರಿ. ಪೂಜಿ ಗಡಿಬಿಡಿ..."

"ಎಮ್ಮಿ ಸೈತ ಹಗ್ಗ ಬಿಚ್ಚೇ ಹೊರಗ ಹೊಡೀತಾರೊ, ಮಬ್ಬ."

ಬೈಯಲು ನೆಗೆಣ್ಣಿಗೆ ದನಿ ಎಲ್ಲಿತ್ತು? ಅವನಿಗೆಂದು ತಂದ ಬನ್ನಿ ಎಲೆಯನ್ನು ತಿರುಗಿ ಸೆರಗಿಗೆ ಕಟ್ಟಿಕೊಂಡಳು. ಬಸ್ ಹೋಗಿತ್ತು, ಅಲ್ಲೇ ಉಳಿದಳು.

ಮರುದಿನ ಮುಂಜಾನೆ ಹಿತ್ತಲಲ್ಲಿ ಅವಳನ್ನು ಕೂಡಿಸಿಕೊಂಡು ಆ ಹಾಡುಗಳನ್ನು ನನಗೆ ಬಂದಷ್ಟು ಹಾಡಿದೆ. ನನ್ನದು ಕಾಗೆ ದನಿ. ತಪ್ಪಿದಲ್ಲೆಲ್ಲ ತೊಡೆಗೆ ಹೊಡೆದು, ತುಟಿ ಆಡಿಸಿ ಸರಿ ಮಾತು ತೋರಿಸಿದಳು. ಅಳಿಯ ಮೈಕು ಹಿಡಿದು ಬಂದ.

"ತುಂಬ್ಕೊಳ್ಲೇನ್ರಿ ಅತ್ತಿ?"

"ಹಲ್ಲ ತಿಕ್ಕೊಂಡ ಬಾ ಹೋಗು," ಅಂದು ಮುಂದಿನ ನುಡಿ ಎತ್ತಿಕೊಂಡೆ.