ಪಂಕಜಾಕ್ಷಿ ಅತ್ತಿಗೆಯ ಏಳು ನಿಮಿಷ

ರೇಡಿಯೋ ರಿಪೇರಿ ಮಾಡುವ ಹೆಂಗಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ಒಂದೇ ಮನೆಯಲ್ಲಿದ್ದು ಜಗಳವನ್ನೂ ಆಡಿದ್ದೇನೆ. ನನ್ನ ಅಣ್ಣ ಸರ್ವೋತ್ತಮ ಮಿಲಿಟರಿಯಲ್ಲಿ ವೈರ್‌ಲೆಸ್ ಕಲಿತು ಬಂದು ನರಿಮೊಗರಿನಲ್ಲಿ ಅಂಗಡಿ ಇಟ್ಟಿದ್ದ. ಅವನು ತೀರಿಕೊಂಡ ಮೇಲೆ ಅತ್ತಿಗೆ ಪಂಕಜಾಕ್ಷಿ ಅದೇ ಸ್ಟೂಲಿನಲ್ಲಿ ಕುಳಿತರು. ಜನ ಮಾತ್ರ ಕೆಟ್ಟ ರೇಡಿಯೋ ಹೊತ್ತುಕೊಂಡು ಅವರ ಕಣ್ಣೆದುರೇ ಪುತ್ತೂರಿನ ಬಸ್ಸು ಹತ್ತುತ್ತಿದ್ದರು. ನೋಡಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

೧೯೮೩ರ ಡಿಸೆಂಬರ್ ಮೊದಲ ವಾರ, ಅಂಗಡಿ ಇದ್ದ ಕೋಣೆಯ ಯಜಮಾನ ಯಜ್ಞೇಶ್ವರರು ಬಂದರು. "ಹೊಸ ವರ್ಷಕ್ಕೆ ಕೋಣೆ ಬಿಟ್ಟುಕೊಡಿ. ಹೆಂಗಸು ಬಿಚ್ಚಿದ ರೇಡಿಯೋವನ್ನು ಯಾರಾದ್ರೂ ನಂಬುದುಂಟಾ?"

ಅತ್ತಿಗೆ ಕೈಕೆಲಸ ಬಿಡಲಿಲ್ಲ. "ಈಗ ಅಮೆರಿಕದ ಆಕಾಶನೌಕೆಯಲ್ಲಿ ಆರು ಜನ ಒಂದು ಪ್ರಯೋಗಶಾಲೆಯನ್ನೇ ಹೊತ್ತುಕೊಂಡು ಭೂಮಿಗೆ ಸುತ್ತು ಬರ್ತಾ ಇದ್ದಾರೆ. ಅವರಲ್ಲಿ ಒಬ್ಬರು ರೇಡಿಯೋದಲ್ಲಿ ಮಾತಾಡ್ತಾರೆ. ಅದನ್ನು ನಿಮಗೆ ಕೇಳಿಸಿದ್ರೆ ನಾನು ಕೋಣೆ ಬಿಡುದಿಲ್ಲ."

"ಆಯ್ತು ಮಾರಾಯ್ರೆ, ನೋಡುವ."

"ಅತ್ತಿಗೆ, ನಿಮಗೆಂತ ಮರುಳಾ?" ಎಂದು ನಾನು ಬೈದೆ. ಅವರು ಗುಜರಿಯ ವೈರ್‌ಲೆಸ್ ಸೆಟ್ಟೊಂದನ್ನು ಎರಡು ದಿನ ತಿದ್ದಿದರು. ಮಂಗಳೂರಿನ ಹವ್ಯಾಸಿ ರೇಡಿಯೋದವರು ಪತ್ರದಲ್ಲಿ ದಿನ, ಹೊತ್ತು ತಿಳಿಸಿದ್ದರು: ಸಂಜೆ ನಾಲ್ಕೂ ಇಪ್ಪತ್ತಕ್ಕೆ ನೌಕೆ ಬಡಗು-ಪಡುವಣ ಮೂಲೆಯಿಂದ ಬರುತ್ತದೆ, ದನಿ ಸಿಗುವುದು ಏಳೇ ನಿಮಿಷ.

ಆ ದಿನ ಅಡಿಕೆ ಕೊಯ್ಯುವ ಬೋಜ ಆಂಟೆನಾ ಹೊತ್ತು ಅಂಗಡಿಯ ಹಿಂದಿನ ಅಡಿಕೆ ಮರ ಹತ್ತಿ ಕಟ್ಟಿದ. ಊರಿನ ಏರಿಯಲ್‌ಗಳನ್ನೆಲ್ಲ ಕಟ್ಟಿದವನು ಅವನೇ. ಮರದ ಬುಡದಲ್ಲಿ ಸೆಟ್ಟು, ಸುತ್ತ ಅರ್ಧ ಊರು. ಬರೀ ಬುಸ್ಸೆಂಬ ಸದ್ದು. ಮೂರು ನಿಮಿಷ ಕಳೆಯಿತು. ಯಜ್ಞೇಶ್ವರರು ವಾಚು ನೋಡಿ ನಕ್ಕರು. ನನಗೆ ಅಳುವೇ ಬಂತು.

ಅತ್ತಿಗೆ ತಲೆ ಎತ್ತಿದರು. "ಬೋಜ, ಯಾವ ದಿಕ್ಕಿಗೆ ಕಟ್ಟಿದ್ದಿ?"

"ತೆಂಕಕ್ಕೆ ಅಕ್ಕ. ನೀವು ತಪ್ಪಿ ಬಡಗು ಹೇಳಿದ್ದು ಅಂತ ನಾನೇ ಸರಿ ಮಾಡಿದೆ. ರೇಡಿಯೋ ಸಿಲೋನ್ ಸಿಗುದು ತೆಂಕಕ್ಕೆ ಅಲ್ವಾ?"

ಮಹಾನುಭಾವ! ಅತ್ತಿಗೆ ಬೈಯಲಿಲ್ಲ, ಬೈಯಲು ಹೊತ್ತೂ ಇರಲಿಲ್ಲ. "ಬಿಚ್ಚಿ ಕೈಯಲ್ಲಿ ಹಿಡಿ. ನಾನು ತೋರಿಸಿದ ಕಡೆಗೆ ತಿರುಗಿಸು."

ಮರದಿಂದ ಮರಕ್ಕೆ ಹಾರಿ ಕೊಯ್ಯುವವನು ಬೋಜ. ಕಾಲಲ್ಲಿ ಮರವನ್ನು ಬಿಗಿಹಿಡಿದು, ಆಂಟೆನಾ ಕೈಯಲ್ಲಿ ಚಾಚಿ, ಅತ್ತಿಗೆಯ ಬೆರಳು ಹೋದತ್ತ ಮರವನ್ನೇ ಬಾಗಿಸಿದ. ಬೆರಳು ನೌಕೆಯ ದಾರಿ ಹಿಡಿದು ನೆತ್ತಿ ದಾಟಿ ಮೂಡಣಕ್ಕೆ ಇಳಿಯುತ್ತಿದ್ದಾಗ ಬುಸ್ಸು ಸದ್ದು ಹರಿದು ಒಂದು ಗಂಡು ದನಿ ಬಂತು. ಇಂಗ್ಲಿಷಿನಲ್ಲಿ ತನ್ನ ಗುರುತಿನ ಅಕ್ಷರಗಳನ್ನು ಹೇಳಿ, ಕೇಳುತ್ತಿರುವವರು ಉತ್ತರ ಕೊಡಿ ಎನ್ನುತ್ತಿತ್ತು. ಯಜ್ಞೇಶ್ವರರು ಮಣ್ಣಿನಲ್ಲಿ ಮಂಡಿಯೂರಿ ಸೆಟ್ಟಿಗೆ ಕಿವಿ ಕೊಟ್ಟಿದ್ದರು. ನನಗಾದ ಸಂತೋಷವನ್ನು ಹೇಗೆ ಹೇಳಲಿ, ಕುಣಿಯುವುದೊಂದು ಬಾಕಿ.

ದನಿ ಮುಳುಗಿತು. ಯಜ್ಞೇಶ್ವರರು ಎದ್ದು ಪಂಚೆಯ ಮಣ್ಣು ಕೊಡವಿ, "ಇನ್ನು ಯಾವಾಗ ಉಂಟು?" ಎಂದು ಮೆಲ್ಲಗೆ ಕೇಳಿದರು.

"ನಾಳೆ ನಾಲ್ಕು ಗಂಟೆಗೆ. ನನ್ನ ಅಂಗಡಿಗೆ ಬನ್ನಿ," ಎಂದರು ಅತ್ತಿಗೆ.

ಅಣ್ಣ ಹೋಗಿ ಎರಡು ವರ್ಷವಾಗಿತ್ತು. ಅದನ್ನು ಅವರು ‘ನನ್ನ ಅಂಗಡಿ’ ಎಂದದ್ದು ಅದೇ ಮೊದಲು.