ಕುಂಬಾರವಾಡ ಬಸ್ಸಿನ ಇಂಗ್ಲಿಷ್ ಪಾಠ

ಉಳವಪ್ಪ ಹಳಿಯಾಳದ ಹತ್ತಿರದ ಸಾಂಬ್ರಾಣಿ ಎಂಬ ಊರಿನವನು. ಇಪ್ಪತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿ ದುಡಿದವನು. ಅದರಲ್ಲಿ ಕೊನೆಯ ಒಂಬತ್ತು ವರ್ಷ ದಾಂಡೇಲಿಯಿಂದ ಕುಂಬಾರವಾಡಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮರಳುವ ಬಸ್ಸಿನಲ್ಲಿ. ಯಾವ ತಿರುವಿನಲ್ಲಿ ಕಂಬ ಹಿಡಿದುಕೊಳ್ಳಬೇಕು, ಯಾವ ಮುದುಕಿಯನ್ನು ಯಾವ ಮರದ ಕೆಳಗೆ ಇಳಿಸಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಬಾರದೆ ಉಳಿದದ್ದು ಇಂಗ್ಲಿಷ್ ಒಂದೇ.

ನಲವತ್ತಾರಕ್ಕೆ ಮೊಣಕಾಲು ಕೈಕೊಟ್ಟವು. ನಿಂತು ಮಾಡುವ ಕೆಲಸ ಬಿಟ್ಟು ನಿಲ್ದಾಣದಲ್ಲಿ ಕೂತು ಮಾಡುವ ನಿಯಂತ್ರಕನ ಕೆಲಸ ಸಿಗಬೇಕಾದರೆ ಇಲಾಖೆಯ ಪರೀಕ್ಷೆ ಪಾಸಾಗಬೇಕಿತ್ತು. ಉಳಿದ ಪತ್ರಿಕೆಗಳಲ್ಲಿ ಪಾಸಾದ. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದ. ಎರಡನೆಯ ಸಲ, ಇಂಗ್ಲಿಷ್ ಬಲ್ಲ ಡಿಪೋದ ಗುಮಾಸ್ತ ಅಡಿವೆಯ್ಯನವರು ಅವನು ಬರೆದದ್ದನ್ನು ಕೇಳಿ ತಿಳಿದುಕೊಂಡು, “ಶಬ್ದ ಎಲ್ಲಾ ಬರ್ತಾವ ನಿಮಗ. ಆದ್ರ ಕರ್ತೃ ಒಂದು ದಿಕ್ಕಿಗೆ, ಕ್ರಿಯಾಪದ ಒಂದು ದಿಕ್ಕಿಗೆ ಹೊಂಟಾವು” ಅಂದರು.

ಆ ವರ್ಷ ಜೂನ್ ತಿಂಗಳಲ್ಲಿ ಮಹೆಜಬೀನ ಎಂಬ ಇಂಗ್ಲಿಷ್ ಶಿಕ್ಷಕಿ ಕುಂಬಾರವಾಡದ ಹೈಸ್ಕೂಲಿಗೆ ಬಂದರು. ಮನೆ ದಾಂಡೇಲಿಯಲ್ಲಿ, ದಿನವೂ ಇದೇ ಬಸ್ಸು, ಬಾಗಿಲ ಹತ್ತಿರದ ಸೀಟು. ಒಂದು ವಾರ ತಡೆದು ನೋಡಿದ ಉಳವಪ್ಪ ಎಂಟನೆಯ ದಿನ ಟಿಕೆಟ್ ಹರಿದು ಕೊಟ್ಟು, ಅದರ ಜೊತೆಗೆ ನಾಲ್ಕಾಗಿ ಮಡಚಿದ ಒಂದು ಹಾಳೆಯನ್ನೂ ಕೊಟ್ಟ.

“ಇದರಾಗ ತಪ್ಪು ಎಲ್ಲೆಲ್ಲಿ ಅದಾವ ನೋಡ್ರಿ ಟೀಚರ್.”

ಅವರು ಜೋಯಿಡಾ ಬರುವ ತನಕ ನೋಡಿದರು. ‘ದಿ ಬಸ್ ಸ್ಟಾಪ್ಸ್’ ಸರಿಯಾಗಿತ್ತು. ‘ದಿ ಡ್ರೈವರ್ ಸ್ಲೀಪ್ಸ್’ ಕೂಡ ಸರಿ. ‘ದಿ ಡಿಪೋ ಮ್ಯಾನೇಜರ್ ಕಮ್’ ತಪ್ಪು. ‘ದಿ ಟೀಚರ್ ಸಿಟ್’ ತಪ್ಪು.

“ಇದೇನು ಲೆಕ್ಕ ಉಳವಪ್ಪನವರ? ಡ್ರೈವರ್ ಮಲಗಿದಾಗ ಎಸ್ ಹಚ್ಚೀರಿ, ಮ್ಯಾನೇಜರ್ ಬಂದಾಗ ಯಾಕ ಬಿಟ್ಟೀರಿ?”

“ಸಾಹೇಬ್ರು ಬರ್ತಾರ ಅಂತೇವ್ರಿ, ಬರ್ತಾನ ಅನ್ನೂದಿಲ್ಲ. ಅದಕ್ಕ ಎಸ್ ತಗದೇನಿ.”

ಸ್ಟೇರಿಂಗ್ ಹಿಂದೆ ಕೂತಿದ್ದ ಮಹಾಬಳೇಶ್ವರ ಕನ್ನಡಿಯಲ್ಲೇ ಇವನನ್ನು ನೋಡಿದ. “ಅಂದ್ರ ನನಗ ಮರ್ಯಾದಿ ಇಲ್ಲಂತಾತು.”

ಟೀಚರ್ ನಗಲಿಲ್ಲ. “ಇಂಗ್ಲಿಷಿನ್ಯಾಗ ಕ್ರಿಯಾಪದಕ್ಕ ಯಾರು ದೊಡ್ಡವರು ಅನ್ನೂದು ಗೊತ್ತಿಲ್ಲ. ತಲಿ ಎಷ್ಟು ಅಂತ ಎಣಿಸ್ತದ, ಅಷ್ಟ. ನನ್ನ ಬಗ್ಗೆ ಬರಿಯೂಮುಂದ ನನಗೂ ಎಸ್ ಹಚ್ಚರಿ” ಅಂದರು.

ಅಂದಿನಿಂದ ದಿನಕ್ಕೆ ಹತ್ತು ವಾಕ್ಯ. ಬೆಳಿಗ್ಗೆ ಅವರು ಕೊಡುತ್ತಿದ್ದರು, ಸಂಜೆ ಹಿಂದಿರುಗುವಾಗ ಇವನು ಬರೆದು ಒಪ್ಪಿಸುತ್ತಿದ್ದ. ಮರ್ಯಾದೆಯ ತಪ್ಪು ಬೇಗ ಹೋಗಲಿಲ್ಲ. ಸೋಮವಾರ ತಿದ್ದಿದ್ದು ಗುರುವಾರ ಮತ್ತೆ ಬರುತ್ತಿತ್ತು.

ಆಗಸ್ಟಿನಲ್ಲಿ ಒಂದು ದಿನ ಸೂಪಾ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಮೆಕ್ಯಾನಿಕ್ ದಾಂಡೇಲಿಯಿಂದ ಬರಬೇಕು, ಎರಡು ತಾಸಿಗೆ ಕಡಿಮೆಯಿಲ್ಲ. ಜನ ಇಳಿದು ರಸ್ತೆಯ ಬದಿಯ ಕಲ್ಲುಗಳ ಮೇಲೆ ಕೂತರು. ಟೀಚರ್ ಅಲ್ಲೇ ಪರೀಕ್ಷೆ ಶುರು ಮಾಡಿದರು. ಹಳ್ಳಿಗಳಿಗೆ ಬಳೆ ಮಾರಲು ಹೋಗುತ್ತಿದ್ದ ಯಲ್ಲವ್ವನ ಕಡೆ ಕೈ ತೋರಿಸಿ, “ಹೇಳ್ರಿ” ಅಂದರು.

“ಯಲ್ಲವ್ವ ಸಿಟ್ಸ್.”

“ಎಲ್ಲಾರೂ?”

“ದಿ ಪ್ಯಾಸೆಂಜರ್ಸ್ ಸಿಟ್.”

ತನ್ನ ಹೆಸರು ಕೇಳಿ ಯಲ್ಲವ್ವ ಹತ್ತಿರ ಬಂದಳು. ವಿಷಯ ತಿಳಿದುಕೊಂಡು ಬೆರಳು ಮಡಚಿ ಎಣಿಸಿದಳು. “ನಾ ಒಬ್ಬಾಕಿ ಕುಂತ್ರ ಎಸ್ ಬೇಕು, ಇಪ್ಪತ್ತು ಮಂದಿ ಕುಂತ್ರ ಬ್ಯಾಡ. ಇದು ಉಲ್ಟಾ ಆತಲ್ರಿ?”

“ಉಲ್ಟಾನ ಐತಿ. ಹೆಸರಿಗೆ ಎಸ್ ಬಂದ್ರ ಭಾಳ ಮಂದಿ, ಕ್ರಿಯಾಪದಕ್ಕ ಬಂದ್ರ ಒಬ್ಬರ. ಎರಡಕ್ಕೂ ಒಮ್ಮೆಲೆ ಹಚ್ಚೂದಿಲ್ಲ” ಅಂದರು ಟೀಚರ್.

ಉಳವಪ್ಪ ಅದನ್ನು ಯಲ್ಲವ್ವನ ಜೊತೆಗೇ ಕಲಿತ. ಮೆಕ್ಯಾನಿಕ್ ಬರುವ ಹೊತ್ತಿಗೆ ಕಲ್ಲಿನ ಮೇಲೆ ಕೂತವರು, ನಿಂತವರು, ಎಲೆ ಅಡಿಕೆ ಅಗಿಯುವವರು ಎಲ್ಲರೂ ಒಂದೊಂದು ವಾಕ್ಯವಾಗಿದ್ದರು. ತಪ್ಪಿದ್ದು ಎರಡೇ.

ಡಿಸೆಂಬರಿನಲ್ಲಿ ಮಹೆಜಬೀನ ಟೀಚರಿಗೆ ಮುಂಡಗೋಡಿಗೆ ವರ್ಗವಾಯಿತು. ಕೊನೆಯ ದಿನ ಅವರು ಇನ್ನೂರು ವಾಕ್ಯಗಳ ಒಂದು ವಹಿ ಕೊಟ್ಟು, ಉತ್ತರಗಳನ್ನು ಕೊನೆಯ ಪುಟಗಳಲ್ಲಿ ಬರೆದಿರುವುದಾಗಿಯೂ ಮೊದಲೇ ನೋಡಬಾರದೆಂದೂ ಹೇಳಿದರು. ಉಳವಪ್ಪ ಆ ಪುಟಗಳನ್ನು ಟಿಕೆಟ್ ಬ್ಲಾಕಿನ ದಾರದಿಂದ ಕಟ್ಟಿಟ್ಟ. ಬಾಗಿಲ ಹತ್ತಿರದ ಸೀಟಿನಲ್ಲಿ ಬೇರೆಯವರು ಕೂರತೊಡಗಿದರು. ಕೆಲವು ದಿನ ಅವನಿಗೆ ಅದು ಸರಿಬರಲಿಲ್ಲ, ಆಮೇಲೆ ಅಭ್ಯಾಸವಾಯಿತು.

ಫೆಬ್ರವರಿಯಲ್ಲಿ ಹುಬ್ಬಳ್ಳಿಗೆ ಹೋಗಿ ಮೂರನೆಯ ಸಲ ಪರೀಕ್ಷೆ ಬರೆದ. ಏಳನೆಯ ಪ್ರಶ್ನೆಯಲ್ಲಿ ಒಬ್ಬ ದೊಡ್ಡ ಅಧಿಕಾರಿ ವಿಚಾರಣೆಗೆ ಆದೇಶ ಮಾಡಿದ್ದರು. ‘ಹ್ಯಾಸ್’ ಅಥವಾ ‘ಹ್ಯಾವ್’ ಆರಿಸಬೇಕಿತ್ತು. ಉತ್ತರ ಗೊತ್ತಿತ್ತು. ಆದರೂ ಪೆನ್ನು ನಿಂತಿತು. ಅಷ್ಟು ದೊಡ್ಡವರನ್ನು ಎದುರಿಗೇ ಏಕವಚನದಲ್ಲಿ ಕರೆದ ಹಾಗೆ ಅನ್ನಿಸಿತು. ತಲೆ ಎಣಿಸಿದ. ಒಂದೇ ಇತ್ತು. ‘ಹ್ಯಾಸ್’ ಎಂದು ಬರೆದು ಮುಂದಿನದಕ್ಕೆ ಹೋದ.

ಫಲಿತಾಂಶ ಬಂದ ದಿನ ಮುಂಡಗೋಡಿಗೆ ಫೋನ್ ಮಾಡಿದ.

“ಪಾಸಾದೆ ಟೀಚರ್. ಐವತ್ತಕ್ಕ ನಲವತ್ತೊಂದು ಬಂದಾವ.”

“ಚಲೋ ಆತು. ತಪ್ಪಿದ್ದು ಯಾವುದು?”

“‘ನೈದರ್, ನಾರ್’ ಬಂದಿತ್ರಿ, ಇವನೂ ಅಲ್ಲ, ಅವರೂ ಅಲ್ಲ ಅನ್ನೂದು. ಒಬ್ಬ ಒಂದು ಕಡೆ, ಹತ್ತು ಮಂದಿ ಒಂದು ಕಡೆ. ಯಾರನ್ನ ಎಣಿಸಬೇಕು ತಿಳೀಲಿಲ್ಲ.”

“ಕ್ರಿಯಾಪದದ ಹತ್ತಿರ ಇದ್ದವರನ್ನ ಎಣಿಸಬೇಕು. ನನ್ನ ಹತ್ತನೇ ಕ್ಲಾಸಿನವರೂ ಅಲ್ಲೇ ಬೀಳ್ತಾರ” ಅಂದರು. ತರಗತಿಯ ಗಂಟೆ ಬಾರಿಸಿದ್ದು ಕೇಳಿಸಿತು. “ಮತ್ತ ಮಾತಾಡೂಣು” ಎಂದು ಫೋನ್ ಇಟ್ಟರು.

ಈಗ ಉಳವಪ್ಪ ಹಳಿಯಾಳದ ಬಸ್ ನಿಲ್ದಾಣದಲ್ಲಿ ನಿಯಂತ್ರಕ. ಕಿಟಕಿಯ ಹಿಂದೆ ಕೂತು ಬಸ್ಸುಗಳ ಹೊತ್ತು ಬರೆಯುತ್ತಾನೆ, ಮೈಕಿನಲ್ಲಿ ಊರುಗಳ ಹೆಸರು ಹೇಳುತ್ತಾನೆ. ಮಧ್ಯಾಹ್ನ ಎರಡರಿಂದ ಮೂರರ ನಡುವೆ ಬಸ್ಸುಗಳು ಕಡಿಮೆ. ಆ ಹೊತ್ತಿಗೆ ಓದಲೆಂದು ಧಾರವಾಡದಿಂದ ಒಂದು ವ್ಯಾಕರಣದ ಪುಸ್ತಕ ತರಿಸಿದ್ದಾನೆ. ಇನ್ನು ಯಾವ ಪರೀಕ್ಷೆಯೂ ಇಲ್ಲ. ಭೂತಕಾಲ ಮುಗಿದಿದೆ, ಮುಂದಿನ ಅಧ್ಯಾಯಕ್ಕೆ ಮೊನ್ನೆ ಕೈಹಾಕಿದ್ದಾನೆ.