ಮೈದುನನ ಕಾಲಿಗೆ ಪೈಲವಾನನ ಪಾಠ

ಹೋದ ವಾರ ನಾನು ಒಬ್ಬ ಬಡಪಾಯಿಯ ಎರಡೂ ಕಾಲು ಕೆಡಿಸಿದೆ. ಬೇರೆ ಯಾರದೋ ಅಲ್ಲ, ನನ್ನ ಹೆಂಡತಿಯ ತಮ್ಮ ಬಸಪ್ಪನದು!

ಬಸಪ್ಪ ಇಚಲಕರಂಜಿಯಲ್ಲಿ ಪವರ್‌ಲೂಮ್ ನೇಕಾರ. ಮನೆ ಪಕ್ಕದ ಊರು ಕೊರೋಚಿಯಲ್ಲಿ. ಇಪ್ಪತ್ತೈದು ವರ್ಷದಿಂದ ಅದೇ ಶೆಡ್ಡು, ಎಂಟು ತಾಸು ನಿಂತೇ ಕೆಲಸ. ಈಗ ವಯಸ್ಸು ಐವತ್ತೈದು. ಮಾಲೀಕರಿಗೆ ಹೊಸ ಹುಕಿ ಬಂದಿದೆ: ವಯಸ್ಸಾದವರು ಸೋಮವಾರ ತಮ್ಮ ಕಣ್ಣೆದುರು ಪೂರ್ತಿ ಪಾಳಿ ನಿಂತು ತೋರಿಸಬೇಕು. ಆಗದಿದ್ದರೆ ಮನೆಗೆ!

ಬಸಪ್ಪ ಗಡಹಿಂಗ್ಲಜಕ್ಕೆ, ನಮ್ಮ ಮನೆಗೆ, ಓಡಿ ಬಂದ. "ಮಾಮಾರ, ನೌಕರಿ ಹೋದ್ರ ಏನ್ ಮಾಡ್ಲಿ? ಬ್ಯಾರೆ ಕೆಲಸ ಬರೂದಿಲ್ರಿ ನನಗ."

ನಾನು ಯಾರು? ಕೊಲ್ಹಾಪುರದ ಗರಡಿಮನೆಯ ತಾಲೀಮಿನಲ್ಲಿ ಕುಸ್ತಿ ಕಲಿತವನು! (ಅರವತ್ತಾಯಿತು ಎಂಬುದನ್ನು ಸದ್ಯಕ್ಕೆ ಬಿಡಿ.) ಕೊಲ್ಹಾಪುರದಲ್ಲಿ ಎಲ್ಲಕ್ಕೂ ಮದ್ದು ಒಂದೇ. ಬಸ್ಕಿ ಹೊಡಿ, ಎಮ್ಮೆ ಹಿಂಡುವಲ್ಲೇ ನಿಂತು ನೊರೆಹಾಲು ಕುಡಿ. ಅವನ ಜೊತೆಗೇ ಕೊರೋಚಿಗೆ ಹೋದೆ. ಭಾನುವಾರ ಇನ್ನೂರು ಬಸ್ಕಿ ಹೊಡೆಸಿ, ಹೊಟ್ಟೆ ಬಿರಿಯುವಷ್ಟು ಹಾಲು ಕುಡಿಸಿ, ಬೆನ್ನು ಚಪ್ಪರಿಸಿದೆ.

ಸೋಮವಾರ ಬೆಳಿಗ್ಗೆ ಬಸಪ್ಪ ಮನೆಯ ಮೆಟ್ಟಿಲನ್ನು ಕುಳಿತುಕೊಂಡೇ ಇಳಿದ. ತೊಡೆ ಹಿಡಿದುಹೋಗಿತ್ತು. ಪಾಳಿ ಎಲ್ಲಿ ಬಂತು?

ನನ್ನ ಮಗಳು ಗಿರಿಜಾ ಕೊಲ್ಹಾಪುರದ ಕಾಲೇಜಿನಲ್ಲಿ ಬಯಾಲಜಿ ಓದುತ್ತಾಳೆ. ರಜೆಗೆಂದು ಮಾಮನ ಮನೆಗೆ ಬಂದಿದ್ದವಳು ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಅಪ್ಪಾ, ಸ್ನಾಯುದಾಗ ಎರಡು ಜಾತಿ ಅದಾವ. ಒಂದು ಕುಸ್ತ್ಯಾಗ ಗಬಕ್ಕನ ಎತ್ತಿ ಒಗ್ಯಾಕ. ಇನ್ನೊಂದು ದಿನಗಟ್ಲೆ ದುಡ್ಯಾಕ. ದುಡಿಯೂ ಸ್ನಾಯುದಾಗ ಮೈಟೋಕಾಂಡ್ರಿಯಾ ಅಂತ ಸಣ್ಣ ಸಣ್ಣ ಒಲಿ ಭಾಳ ಇರ್ತಾವ. ಉಂಡದ್ದನ್ನ ಸುಟ್ಟು ಶಕ್ತಿ ಕೊಡ್ತಾವ."

"ವಯಸ್ಸಾದರ?" ನಾನು ಮೆಲ್ಲಗೆ ಕೇಳಿದೆ.

"ಎತ್ತಿ ಒಗ್ಯೂ ಸ್ನಾಯು ಮೊದಲ ಸೊರಗ್ತಾವ. ಒಲಿನೂ ಮಂದ ಆಗ್ತಾವ. ಆದರ ದಿನಾ ದುಡಿಯೋರ ಒಲಿ ಲಗೂನ ಆರೂದಿಲ್ಲ. ಪೂರ್ತಿ ಹೆಂಗಂತ ಇನ್ನೂ ಯಾರಿಗೂ ಗೊತ್ತಿಲ್ಲಂತ, ನಮ್ಮ ಸರ್ ಹೇಳ್ಯಾರ. ಮಾಮಾಂದು ಇಪ್ಪತ್ತೈದು ವರ್ಷ ನಿಂತ ಕಾಲು. ಅದಕ್ಕ ನೀ ಏನ್ ಕಲಸಾಕ ಹೋಗಿದ್ದಿ?"

ನಾಚಿಕೆಯಾಯಿತು. ನೇರ ಮಾಲೀಕರ ಬಳಿ ಹೋಗಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ಅವರು ಬಿದ್ದು ಬಿದ್ದು ನಕ್ಕರು. "ಏನ್ರಿ ಪೈಲವಾನ, ನೇಕಾರಗ ಕುಸ್ತಿ ಕಲಸಾಕ ಹೋಗಿದ್ರ್ಯಾ? ಶುಕ್ರವಾರ ಕರಕೊಂಡ ಬರ್ರಿ."

ನಾಲ್ಕು ದಿನ ಬಸ್ಕಿ ಬಂದ್. ಗಿರಿಜಾ ಅಂಗಳದಲ್ಲಿ ಮಾಮನನ್ನು ಮೆಲ್ಲಗೆ ಅಡ್ಡಾಡಿಸಿದಳು, ಅಷ್ಟೇ.

ಶುಕ್ರವಾರ ನಾನೂ ಶೆಡ್ಡಿಗೆ ಹೋದೆ. ಪಾಪಪ್ರಾಯಶ್ಚಿತ್ತಕ್ಕೆ ಅವನ ಜೊತೆಗೇ ನಿಲ್ಲುತ್ತೇನೆ ಎಂದೆ. ಬಸಪ್ಪ ಎರಡು ಮಗ್ಗಗಳ ನಡುವೆ ಓಡಾಡುತ್ತಾ, ಕಡಿದ ಎಳೆ ಗಂಟು ಹಾಕುತ್ತಾ ಆರಾಮಾಗಿದ್ದ. ಎರಡನೇ ತಾಸಿಗೇ ನಾನು ನೂಲಿನ ಪೆಟ್ಟಿಗೆ ಹುಡುಕಿ ಅದರ ಮೇಲೆ ಕುಳಿತೆ! ಪಾಳಿ ಮುಗಿದಾಗ ಮಾಲೀಕರು ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ಬಸಪ್ಪಾ, ನಾಳಿಂದ ನಿನ್ನ ಮಗ್ಗ ನಿನಗ," ಎಂದರು. ಖುಷಿಗೆ ನನ್ನ ಕಣ್ಣು ತುಂಬಿ ಬಂತು.

ಹೊರಗೆ ಬಂದು ಬಸಪ್ಪ ಸೈಕಲ್ ತೆಗೆದ. "ಹಿಂದ ಕುಂದರ್ರಿ ಮಾಮಾರ. ನಿಮ್ಮ ಕಾಲು ಭಾಳ ದಣದಾವ."

ಪೈಲವಾನ ಕ್ಯಾರಿಯರ್ ಮೇಲೆ ಕುಳಿತರೆ ಮರ್ಯಾದೆ ಹೋಗುತ್ತದೆಯೇ? ಹೋಗಲಿ ಬಿಡಿ, ಕೊರೋಚಿಯವರೆಗೆ ನಡೆಯುವುದು ತಪ್ಪಿತಲ್ಲ!